ಎಷ್ಟು ವ್ಯಾಟ್ ಅಂತ ಕೇಳಬೇಡಿ

"ವ್ಯಾನ್ ಮೇಲೆ ಎಷ್ಟು ವ್ಯಾಟ್ ಸೋಲಾರ್ ಹಾಕಿಸಿದ್ದೀರಾ?" ಹಳೇ ಟೆಂಪೋ ಟ್ರಾವೆಲರನ್ನು ಅಡುಗೆ, ನಿದ್ದೆ ಎಲ್ಲ ಒಳಗೇ ಆಗುವ ಕ್ಯಾಂಪರ್ ಮಾಡಿಕೊಂಡ ದಿನದಿಂದ ಮೈಸೂರಿನಲ್ಲಿ ನಮಗೆ ಇದೊಂದೇ ಪ್ರಶ್ನೆ. ಕೇಳುವುದು ನಮ್ಮನೆಯವರನ್ನು. ವೈರಿಂಗ್ ಮಾಡಿದ್ದು ನಾನು.

300. ಆಯ್ತಾ? ಈ ನಂಬರ್ ತಗೊಂಡು ಏನು ಮಾಡ್ತೀರಿ?

ನಮ್ಮ ದೊಡ್ಡಪ್ಪನ ಮಗ ಏನು ಮಾಡಿದ ಅಂತ ಹೇಳ್ತೀನಿ. ಮಂಡ್ಯದಲ್ಲಿ ಒಂದು ಮದುವೆ. ಊಟಕ್ಕೆ ಪಕ್ಕದಲ್ಲೇ ಕೂತವನು, "ಭಾವ, ಎಷ್ಟ್ ವ್ಯಾಟು?" ಅಂದ. ಭಾವನ ಬಾಯಿ ತುಂಬ ಹೋಳಿಗೆ. ನನ್ನ ಕಡೆ ಗಲ್ಲ ಎತ್ತಿ ತೋರಿಸಿದರು. "ನೀನು ಏನೇನು ಓಡಿಸ್ತೀಯ, ಮೊದಲು ಅದು ಹೇಳು" ಅಂದೆ. "ಅಯ್ಯೋ ಅಕ್ಕ, ಲೆಕ್ಕ ಎಲ್ಲ ಬ್ಯಾಡ, ಸುಮ್ನೆ ಒಂದ್ ನಂಬರ್ ಹೇಳು." ನಮ್ಮ ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಆಗಲೇ ಬಂದು ನಿಂತಿದ್ದರು. ಹೇಳಿಬಿಟ್ಟೆ.

ಎರಡು ತಿಂಗಳಿಗೆ ರಾತ್ರಿ ಫೋನ್. ಹೊಳೆ ದಂಡೆಯಲ್ಲೆಲ್ಲೋ ನಿಂತಿದ್ದಾನೆ, ವ್ಯಾನೆಲ್ಲ ಕತ್ತಲು. "ನೀನ್ ಹೇಳ್ದಷ್ಟೇ ಹಾಕ್ಸಿದ್ದು ಕಣಕ್ಕ!" ಅಡುಗೆ ಯಾವುದರಲ್ಲೋ ಅಂದೆ. ಇಂಡಕ್ಷನ್ ಸ್ಟೌವಂತೆ, 2000 ವ್ಯಾಟಿನದು. ಬ್ಯಾಟರಿ? ಮನೆ ಯುಪಿಎಸ್‌ನ ಹಳೇ ಟ್ಯೂಬುಲರ್. ವ್ಯಾನ್ ಎಲ್ಲಿ ನಿಲ್ಲಿಸಿದ್ದೆ? "ಒಳ್ಳೆ ಹೊಂಗೆ ಮರದ ನೆರಳಲ್ಲಿ!" ಹೆಮ್ಮೆಯಿಂದ ಹೇಳಿದ. ಮುದ್ದೆಗೆ ಇಟ್ಟ ಎಸರು ಕುದಿಯುವ ಮೊದಲೇ ಇನ್ವರ್ಟರ್ ಕೀಂ ಅಂದು ನಿಂತಿತ್ತು.

ಮೈಸೂರು, ಮಂಡ್ಯದವರಿಗೆ ಇದನ್ನು ವಿವರಿಸಬೇಕಾಗಿ ಬಂದಿರುವುದೇ ನನಗೆ ಆಶ್ಚರ್ಯ. ಬೆಳಿಗ್ಗೆ ಪೇಪರ್ ಬಿಡಿಸಿದರೆ ಕೆಆರ್‌ಎಸ್ ಮಟ್ಟ, ಒಳಹರಿವು, ಹೊರಹರಿವು ಮೂರನ್ನೂ ನೋಡುವ ಜನ ನಾವು. ಕಟ್ಟೆ 124.80 ಅಡಿ ತುಂಬಿದ್ದರೂ ನಾಲೆಗೆ ಯಾವಾಗ, ಎಷ್ಟು ಬಿಡ್ತಾರೆ ಅಂತ ವಿಚಾರಿಸದೆ ಯಾರೂ ನಾಟಿ ಹಾಕುವುದಿಲ್ಲ. ವ್ಯಾನಿನ ವಿಷಯಕ್ಕೆ ಬಂದರೆ ಮಾತ್ರ ಬರೀ ಒಳಹರಿವು ಕೇಳ್ತೀರಿ.

ನನ್ನನ್ನು ಕೇಳಬೇಕಾದ್ದು ಹೊರಹರಿವು. ಯಾರೂ ಕೇಳಿಲ್ಲ, ನಾನೇ ಹೇಳ್ತೀನಿ. 45 ವ್ಯಾಟಿನ ಸಣ್ಣ ಫ್ರಿಜ್ ದಿನದ ಅರ್ಧ ಹೊತ್ತು ಓಡುತ್ತದೆ ಅಂದುಕೊಳ್ಳಿ: 540 ವ್ಯಾಟ್‌ಅವರ್, ಅಂದರೆ ವ್ಯಾಟನ್ನು ಗಂಟೆಯಿಂದ ಗುಣಿಸಿದ್ದು. 28 ವ್ಯಾಟಿನ ಫ್ಯಾನ್ ರಾತ್ರಿ 8 ಗಂಟೆ: 224. ದೀಪಗಳಿಗೆ 50. ಫೋನು, ಲ್ಯಾಪ್‌ಟಾಪಿಗೆ 150. ಕೂಡಿದರೆ 964, ಅಂದರೆ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದು ಯೂನಿಟ್. ನಮ್ಮ ಕಡೆ ಒಳ್ಳೆ ಬಿಸಿಲಿನ ದಿನ ಪ್ಯಾನೆಲ್ ಪೂರ್ತಿ ಶಕ್ತಿಯಲ್ಲಿ ದುಡಿದದ್ದಕ್ಕೆ ಸಮನಾದ ಹೊತ್ತು 5 ಗಂಟೆ. 300ರ ಪ್ಯಾನೆಲ್ 1500 ಕೊಡಬೇಕು. ಕಾದ ಚಾವಣಿ, ಧೂಳು, ವೈರು ಎಲ್ಲವೂ ತಮ್ಮ ಪಾಲು ತಿಂದು ನೂರಕ್ಕೆ 70 ಉಳಿದರೆ 1050. ಸರಿಹೋಯಿತು. ನಮಗೆ. ಅಡುಗೆ ನಮ್ಮದು ಗ್ಯಾಸಿನಲ್ಲಿ. ಅವನ ಸ್ಟೌವ್ ಅರ್ಧ ಗಂಟೆ ಫುಲ್ ಉರಿದರೆ ಇಡೀ ದಿನದ ಯೂನಿಟ್ ಖಾಲಿ. ಉರಿಯುವಷ್ಟು ಹೊತ್ತೂ 12 ವೋಲ್ಟಿನ ಆ ಮುದಿ ಬ್ಯಾಟರಿಯಿಂದ 160 ಆಂಪಿಗಿಂತ ಹೆಚ್ಚು ಎಳೆಯುತ್ತಿರುತ್ತದೆ.

ಇನ್ನು ನೆರಳು. ನಮಗೆ ತಂಪಾದ ಜಾಗ ಪ್ಯಾನೆಲ್ಲಿಗೆ ಉಪವಾಸ. ಅದರ ಸೆಲ್‌ಗಳು ಸಾಲಾಗಿ ಕೈ ಹಿಡಿದು ನಿಂತಿರುತ್ತವೆ. ಒಂದು ಕೊಂಬೆಯ ನೆರಳು ಬಿದ್ದರೂ ಮೂರನೇ ಒಂದು ಭಾಗ ಕೆಲಸ ಬಿಟ್ಟು ಕೂರಬಹುದು. ಹಾಗಾಗಿ ನಾವು ವ್ಯಾನನ್ನು ಬಿಸಿಲಿಗೆ ಬಿಟ್ಟು ಚಾಪೆ ತಗೊಂಡು ಮರದ ಕೆಳಗೆ ಹೋಗ್ತೀವಿ. ನೋಡಿದವರು ನಗ್ತಾರೆ, ನಗಲಿ.

ಎ.ಸಿ.? ಇಲ್ಲ. ಮೈಸೂರಿನಲ್ಲಿ ಹುಟ್ಟಿದವರು ಅದನ್ನು ಕೇಳಲೇಬಾರದು.

ನಮ್ಮ ಬ್ಯಾಟರಿ ಲಿಥಿಯಂ, 12.8 ವೋಲ್ಟ್, 200 ಎಎಚ್ (ಆಂಪಿಯರ್‌ಅವರ್). ಎರಡನ್ನೂ ಗುಣಿಸಿದರೆ 2560 ವ್ಯಾಟ್‌ಅವರ್. ಎರಡು ದಿನ ಸೂರ್ಯ ಮುಖ ತೋರಿಸದಿದ್ದರೂ ದಾಟಿಸುತ್ತದೆ. ಆಷಾಢದಲ್ಲಿ ಮಡಿಕೇರಿ ಕಡೆ ಎರಡು ದಿನ ಯಾವ ಲೆಕ್ಕ? ಆಗ ಫ್ರಿಜ್ ಆಫ್ ಮಾಡಿಕೊಂಡೇ ಹೊರಡ್ತೀವಿ. ಹಾಲು, ಮೊಸರು ದಾರಿಯಲ್ಲಿ ಸಿಗುತ್ತದೆ.