ಒಕುವಾಮದ ಸುದ್ದಿ, ಅಪ್ಪನ ಫೋನು

2024 ಮಾರ್ಚ್ 28, ಗುರುವಾರ. ವಾರಿ, ನೈಜೀರಿಯಾ

ನಾಳೆ ಗುಡ್ ಫ್ರೈಡೇ, ಸ್ಕೂಲಿಗೆ ರಜೆ. ತಿದ್ದೋದಕ್ಕೆ ಪೇಪರ್ ಬೇಕಾದಷ್ಟಿದೆ, ಕೈ ಹೋಗುತ್ತಿಲ್ಲ. ಒಕುವಾಮ ಅನ್ನೋ ಊರಲ್ಲಿ ಕೊಲೆಯಾದ ಆ 17 ಸೈನಿಕರನ್ನು ನಿನ್ನೆ ಅಬುಜಾದಲ್ಲಿ ಮಣ್ಣು ಮಾಡಿದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಮನಸ್ಸು ಸರಿಯಿಲ್ಲ. ಅಧ್ಯಕ್ಷ ಟಿನುಬು ಬಂದಿದ್ದರು. ಸತ್ತವರ ಹೆಂಡತಿಯರಲ್ಲಿ ಮೂವರು ಬಸುರಿಯರಂತೆ. ಇನ್ನೂ ಹುಟ್ಟದ ಮಕ್ಕಳನ್ನೂ ಸೇರಿಸಿ ಎಲ್ಲರ ಓದಿನ ಖರ್ಚು ಸರ್ಕಾರದ್ದು, ಪ್ರತಿ ಕುಟುಂಬಕ್ಕೂ ಒಂದು ಮನೆ ಅಂತ ಹೇಳಿದರು. ಕೊಡಲೇಬೇಕು. ಫೌಜಿಯ ಮನೆಯಲ್ಲಿ ಬೆಳೆದವಳು ನಾನು. ಅಪ್ಪನ ಕಾಗದ ಒಂದು ವಾರ ತಡವಾದರೆ ಅಮ್ಮ ಊಟ ಬಿಡುತ್ತಿದ್ದಳು.

ಇವತ್ತು ಸೇನೆ ಎಂಟು ಜನರನ್ನು ಹುಡುಕುತ್ತಿದ್ದೇವೆ ಅಂತ ಹೆಸರು ಹಾಕಿದೆ. ಅದರಲ್ಲಿ ಒಕುವಾಮ ಸೇರಿರುವ ಎವು ಸೀಮೆಯ ಸಾಂಪ್ರದಾಯಿಕ ರಾಜನ ಹೆಸರೂ ಇದೆ.

ನಡೆದಿದ್ದು ಇದೇ ಡೆಲ್ಟಾ ರಾಜ್ಯದಲ್ಲಿ, ಮಾರ್ಚ್ 14ಕ್ಕೆ. ಒಕುವಾಮ ಉರ್ಹೋಬೊ ಜನರ ಊರು. ಪಕ್ಕದ ಒಕೊಲೊಬಾ ಇಜಾ ಜನರದ್ದು. ಎರಡೂ ಊರಿಗೆ ಜಮೀನಿನ ಜಗಳ. ರಾಜಿ ಮಾಡಿಸೋಕೆ ಅಂತ ಬೊಮಾಡಿಯಿಂದ ಸೈನಿಕರು ಹೋದರು, ಅವರ ಕಮಾಂಡರೂ ಜೊತೆಗಿದ್ದರು. ಯಾರೂ ವಾಪಸ್ ಬರಲಿಲ್ಲ. ಅಲ್ಲಿ ಏನಾಯಿತು ಅಂದರೆ ಸೇನೆ ಹೇಳೋದು ಒಂದು, ಊರಿನವರು ಹೇಳೋದು ಇನ್ನೊಂದು. ಆಮೇಲೆ ಆದದ್ದು ಮಾತ್ರ ಎಲ್ಲರ ಫೋನಿನಲ್ಲೂ ಇದೆ. ಸುಟ್ಟ ಮನೆಗಳು, ಬೂದಿ, ಖಾಲಿ ಊರು. ನಾವು ಸೇಡು ತೀರಿಸುತ್ತಿಲ್ಲ ಅನ್ನುತ್ತದೆ ಸೇನೆ.

ನಮ್ಮ ಬಯಾಲಜಿ ಮೇಡಂ ಉರ್ಹೋಬೊ. ಅವರ ದೊಡ್ಡಮ್ಮ ಒಕುವಾಮದವರು. ಎರಡು ರಾತ್ರಿ ಕಾಡಿನಲ್ಲಿ, ಮೊಣಕಾಲು ನೀರಿನಲ್ಲಿ ನಿಂತು, ಆಮೇಲೆ ಯಾರದೋ ದೋಣಿ ಹತ್ತಿ ಉಘೆಲ್ಲಿಗೆ ಬಂದು ಸೇರಿದರಂತೆ. ಅವರ ಮಗ ಇನ್ನೂ ಬಂದಿಲ್ಲ. ಸೋಮವಾರ ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳುವಾಗ ಕೆಮಿಸ್ಟ್ರಿ ಸರ್ ತಟ್ಟೆ ತಗೊಂಡು ಎದ್ದು ಹೊರಗೆ ಹೋದರು. ಅವರು ಇಜಾ. ಮೇಡಂ ತಾಳೆಹಣ್ಣಿನ ಬಾಂಗಾ ಸೂಪು, ಮರಗೆಣಸಿನ ಮುದ್ದೆಯಂಥ ಸ್ಟಾರ್ಚು ತಂದರೆ ಮೊದಲು ಕೈ ಹಾಕುತ್ತಿದ್ದವರೇ ಅವರು. ಅವರಿಗೇನು ಕೋಪವಿರಲಿಲ್ಲ, ಅದು ನನಗೆ ಗೊತ್ತು. ಯಾವ ಮುಖ ಇಟ್ಟುಕೊಂಡು ಕೂರೋದು ಅಂತ ಗೊತ್ತಾಗಲಿಲ್ಲ ಅವರಿಗೆ, ಅಷ್ಟೇ.

ಈ ಊರಿನಲ್ಲಿ ಇಂಥದ್ದು ಹೊಸದಲ್ಲ. 1997ರಲ್ಲಿ ಒಂದು ಲೋಕಲ್ ಗವರ್ನಮೆಂಟ್ ಕಚೇರಿಯನ್ನು ಇಜಾಗಳ ಒಗ್ಬೆ-ಇಜೋಯಿಂದ ಇಲ್ಲಿಯ ಇನ್ನೊಂದು ಜನಾಂಗವಾದ ಇತ್ಸೆಕಿರಿಗಳ ಒಗಿಡಿಗ್ಬೆನ್‌ಗೆ ಸಾಗಿಸಿದರು. ಅಷ್ಟಕ್ಕೇ ವಾರಿ ಹೊತ್ತಿಕೊಂಡಿತು. ಕಚೇರಿ ಎಲ್ಲಿರುತ್ತೋ ದುಡ್ಡು, ಕೆಲಸ, ಕಚ್ಚಾ ಎಣ್ಣೆ ಕಂಪನಿಯ ಕಾಂಟ್ರಾಕ್ಟು ಅಲ್ಲಿಗೇ ಬರುತ್ತೆ, ಅದಕ್ಕೆ. 2003ರಲ್ಲಿ ಮತ್ತೆ ಹೊಡೆದಾಟವಾದಾಗ ದೇಶದ ಎಣ್ಣೆಯಲ್ಲಿ ಸುಮಾರು ಶೇಕಡ 40ರಷ್ಟು ನಿಂತುಹೋಗಿತ್ತು. ಹೊರಗಿನವರು ಇದನ್ನು ಬುಡಕಟ್ಟಿನ ದ್ವೇಷ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಾನು ಒಪ್ಪಲ್ಲ. ಮೂರೂ ಜನ ಇಲ್ಲಿ ಒಂದೇ ಮಾರ್ಕೆಟ್ಟಿನಲ್ಲಿ ಮೀನು ಕೊಳ್ಳುತ್ತಾರೆ, ಒಬ್ಬರ ಮನೆಗೆ ಒಬ್ಬರು ಹೆಣ್ಣು ಕೊಡುತ್ತಾರೆ. 1956ರಲ್ಲಿ ಇದೇ ನೈಜರ್ ಡೆಲ್ಟಾದ ಒಲೊಯಿಬಿರಿಯಲ್ಲಿ ಎಣ್ಣೆ ಸಿಕ್ಕಿತು. ಅದರ ದುಡ್ಡೆಲ್ಲ ಹೊರಗೆ ಹೋಗಿ, ಒಂದು ತುಣುಕು ಮಾತ್ರ ವಾಪಸ್ ಬರುತ್ತೆ. ಆ ತುಣುಕು ಯಾರ ಗಡಿಯೊಳಗೆ ಬೀಳಬೇಕು ಅನ್ನೋದಕ್ಕೆ ಇಲ್ಲಿಯ ಹುಡುಗರು ಕೋವಿ ಹಿಡಿದರು. 2009ರಲ್ಲಿ ಕ್ಷಮಾದಾನ ಕೊಟ್ಟು, ಕೋವಿ ಒಪ್ಪಿಸಿದವರಿಗೆ ತಿಂಗಳಿಗೆ 65,000 ನಾಯಿರಾ ಕೊಟ್ಟರು. ಆಗ ಸೇನೆಯ ವಿರುದ್ಧ ನಿಂತಿದ್ದ ಟಾಂಪೊಲೊ ಅವರ ಕಡೆಯ ಕಂಪನಿಗೇ 2022ರಲ್ಲಿ ಪೈಪ್‌ಲೈನ್ ಕಾಯುವ ಕಾಂಟ್ರಾಕ್ಟು ಸಿಕ್ಕಿತು. ಕೋವಿ ಇದ್ದವನಿಗೆ ಏನೋ ಒಂದು ಸಿಗುತ್ತೆ. ಆ ದೊಡ್ಡಮ್ಮನಿಗೆ?

ಸಂಜೆ ಅಪ್ಪನ ಫೋನು ಬಂತು. ಹಾಸನದಲ್ಲಿ ಕರೆಂಟಿಲ್ಲ, ಇಲ್ಲೂ ಇಲ್ಲ. ಜನರೇಟರ್ ಸದ್ದಿಗೆ ಹಿತ್ತಲಿಗೆ ಬಂದು ಮಾತಾಡಿದೆ. ಅಪ್ಪನಿಗೆ ಸುದ್ದಿ ಆಗಲೇ ಗೊತ್ತಿತ್ತು. ಮೊಮ್ಮಗ ಮೊಬೈಲಿನಲ್ಲಿ ತೋರಿಸಿದನಂತೆ.

"ರಾಜಿ ಮಾಡಿಸೋಕೆ ಹೋದೋರನ್ನ ಕೊಂದವ್ರಲ್ಲ ಮಗ" ಅಂದರು. ದನಿ ನಡುಗುತ್ತಿತ್ತು. "ಕಮಾಂಡರನ್ನೇ!"

ಹೌದಪ್ಪ, ಅದು ಘೋರ, ಕೊಂದವರನ್ನು ಹಿಡೀಲೇಬೇಕು ಅಂದೆ. ಆದರೆ ಊರೇ ಸುಟ್ಟರೆ ಹೇಗೆ? ಆ ಮುದುಕಿ ಏನು ಮಾಡಿದ್ದಳು? 1999ರಲ್ಲಿ ಪಕ್ಕದ ಬಾಯೆಲ್ಸಾ ರಾಜ್ಯದ ಒಡಿ ಅನ್ನೋ ಊರಲ್ಲೂ ಹೀಗೇ ಆಗಿತ್ತು, ಹುಡುಗರ ಒಂದು ಗ್ಯಾಂಗು 12 ಪೊಲೀಸರನ್ನು ಕೊಂದಿತ್ತು, ಆಗಿನ ಅಧ್ಯಕ್ಷ ಒಬಸಾಂಜೊ ಸೇನೆ ಕಳಿಸಿದರು, ಊರಲ್ಲಿ ಬ್ಯಾಂಕು, ಚರ್ಚು, ಆಸ್ಪತ್ರೆ ಬಿಟ್ಟರೆ ಹೆಚ್ಚೇನೂ ಉಳಿಯಲಿಲ್ಲ ಅಂತ ಹೇಳಿದೆ. 2013ರಲ್ಲಿ ಕೋರ್ಟು ಅದು ತಪ್ಪು, 37.6 ಬಿಲಿಯನ್ ನಾಯಿರಾ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಹದಿಮೂರು ವರ್ಷ ಆದಮೇಲೆ. ಅಷ್ಟೊತ್ತಿಗೆ ಎಷ್ಟು ಜನ ಮುದುಕರು ಬದುಕಿದ್ದರೋ.

ಅಪ್ಪ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಲೈನು ಕಟ್ಟಾಯಿತೇನೋ ಅಂದುಕೊಂಡೆ.

"ನಾಗಾಲ್ಯಾಂಡಲ್ಲಿ ಇದ್ದಾಗ ನಮ್ಮ ಹುಡುಗ ಒಬ್ಬ ಹೋದ" ಅಂದರು. "ಮಾರನೇ ದಿನ ಬೆಳಗ್ಗೆ ಹತ್ತಿರದ ಊರಿನ ಗಂಡಸರನ್ನೆಲ್ಲ ಮೈದಾನಕ್ಕೆ ತಂದು ಕೂರಿಸಿದ್ವಿ. ಸಂಜೆ ತನಕ ಬಿಸಿಲಲ್ಲಿ. ಒಬ್ಬನೂ ಬಾಯಿ ಬಿಡ್ಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು. ನಮಗೆ ರಕ್ತ ಕುದೀತಿತ್ತು. ಸಾಹೇಬ್ರು ಬಂದು, ಒಂದು ಮನೆ ಮುಟ್ಟಿದ್ರೂ ನಾನು ಸುಮ್ನಿರಲ್ಲ ಅಂದ್ರು. ಅದಕ್ಕೆ ಮುಟ್ಲಿಲ್ಲ."

"ಅವರು ಹೇಳದೇ ಇದ್ದಿದ್ರೆ?" ಅಂದೆ.

"ಗೊತ್ತಿಲ್ಲ ಮಗ."

ಅಪ್ಪ ಇಷ್ಟು ವರ್ಷದಲ್ಲಿ ಈ ಮಾತು ಯಾವತ್ತೂ ಆಡಿದ್ದಿಲ್ಲ. ಹಬ್ಬದ ದಿನ ಎಲ್ಲರೂ ಸೇರಿದಾಗ ಹಿಮ, ಮಿಲಿಟರಿ ಕ್ಯಾಂಟೀನು, ಬರೀ ಇಂಥ ಕಥೆಗಳೇ. ಆಮೇಲೆ ಅಮ್ಮ ಫೋನು ಕಿತ್ತುಕೊಂಡು, ನೀನು ಯಾಕೆ ಇನ್ನೂ ಅಲ್ಲಿ ಕೂತಿದ್ದೀಯಾ, ಬಂದುಬಿಡು ಅಂತ ಶುರು ಮಾಡಿದಳು. ಇವರ ಕಾಂಟ್ರಾಕ್ಟು ಮುಗಿಯಬೇಕಲ್ಲಮ್ಮ ಅಂದೆ. ಕೇಳಿಸಿಕೊಳ್ಳಲಿಲ್ಲ.

ಆಗಿನಿಂದ ಆ ಸಾಹೇಬರದ್ದೇ ಯೋಚನೆ. ಕೋಪದಲ್ಲಿರುವ ಸೈನಿಕನಿಗೆ ಬೇಡ ಅನ್ನೋರು ಒಬ್ಬರು ಬೇಕು, ಅವನಿಗಿಂತ ಮೇಲಿನವರು. ಇಲ್ಲಿ ಮೇಲಿನಿಂದ ಬಂದದ್ದು ಏನು? ತಪ್ಪು ಮಾಡಿದವರನ್ನು ಹಿಡಿಯೋಕೆ ಸೇನೆಗೆ ಪೂರ್ತಿ ಅಧಿಕಾರ ಕೊಟ್ಟಿದ್ದೇನೆ ಅಂದರು ಅಧ್ಯಕ್ಷರು. ಅದರ ಜೊತೆಗೇ, ಯಾರ ಮನೆಯನ್ನೂ ಮುಟ್ಟಬೇಡಿ ಅಂತ ಅಷ್ಟೇ ಗಟ್ಟಿಯಾಗಿ ಒಂದು ಮಾತು ಬಂದಿದ್ದರೆ? ಸತ್ತ ಸೈನಿಕರ ಹೆಸರನ್ನು ನಿನ್ನೆ ಗೌರವದಿಂದ ಹೇಳಿದರು. ಒಕುವಾಮದಲ್ಲಿ ಎಷ್ಟು ಜನ ಹೋದರು ಅಂತ ಎಣಿಸೋಕೂ ಯಾರನ್ನೂ ಒಳಗೆ ಬಿಡುತ್ತಿಲ್ಲ. ಎರಡು ಕಡೆಗೂ ಅಳೋದಕ್ಕೆ ಆಗಲ್ವಾ? ನನಗೆ ಆಗುತ್ತಿದೆ.

ಬಯಾಲಜಿ ಮೇಡಂ ಮೆಸೇಜ್ ಮಾಡಿದ್ದಾರೆ, ಹಳೆ ಬಟ್ಟೆ ಇದ್ದರೆ ಬೇಕಂತೆ, ದೊಡ್ಡಮ್ಮನ ಜೊತೆ ಬಂದವರು ಉಟ್ಟ ಬಟ್ಟೆಯಲ್ಲೇ ಇದ್ದಾರಂತೆ. ಇವರ ಶರ್ಟುಗಳನ್ನು ತೆಗೆದಿಟ್ಟೆ. ಹೆಂಗಸರಿಗೆ ಏನು ಕೊಡೋದು? ಇಲ್ಲಿಯವರು ಸೊಂಟಕ್ಕೆ ಎರಡು ರ‍್ಯಾಪರ್ ಸುತ್ತುತ್ತಾರೆ. ನನ್ನ ಕಾಟನ್ ಸೀರೆ ಕತ್ತರಿಸಿ ಅಂಚು ಹೊಲಿದರೆ ಒಂದರಲ್ಲಿ ಎರಡು ಮೂರು ಆಗಬಹುದು. ಹೊಲಿಗೆ ಮೆಷಿನ್ ಪಕ್ಕದ ಮನೆಯಲ್ಲಿದೆ. ಆದರೆ ಉಘೆಲ್ಲಿ ರಸ್ತೆಯಲ್ಲಿ ಈಗ ಚೆಕ್‌ಪೋಸ್ಟ್ ಜಾಸ್ತಿಯಾಗಿದೆ, ಬಟ್ಟೆ ಗಂಟು ಯಾರಿಗೆ ಅಂತ ಕೇಳುತ್ತಾರೆ. ಕೆಮಿಸ್ಟ್ರಿ ಸರ್ ಕಾರು ಅದೇ ದಾರಿಯಲ್ಲಿ ಹೋಗುತ್ತೆ, ಅವರನ್ನು ಕೇಳಿದರೆ ತಗೊಂಡು ಹೋಗುತ್ತಾರೇನೋ, ನಾಳೆ ಬೆಳಗ್ಗೆ ಫೋನ್ ಮಾಡಿ ನೋಡಬೇಕು, ಇಲ್ಲಾಂದರೆ