ಹಲಸಿನ ಮರ ತಪ್ಪಿಸಿ ಕೂತ ಡಿಶ್

2018ರ ಮಳೆಗಾಲದಲ್ಲಿ ನಮ್ಮ ಟಿವಿ ಹನ್ನೊಂದು ದಿನ ಕಪ್ಪಾಗಿ ಕೂತಿತ್ತು. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಕೇಬಲ್ ವಯರು ಕಂಬದಿಂದ ಕಂಬಕ್ಕೆ, ನಡುವೆ ಎರಡು ಮಾವಿನ ಮರಕ್ಕೂ ಸುತ್ತಿಕೊಂಡು ಮನೆಗೆ ಬರುತ್ತಿತ್ತು. ಗಾಳಿಗೆ ಕೊಂಬೆ ಬಿತ್ತು, ವಯರು ತುಂಡಾಯಿತು. ಫೋನ್ ಮಾಡಿದಾಗೆಲ್ಲ ‘ನಾಳೆ ಹುಡುಗನ್ನ ಕಳಿಸ್ತೀವಿ’ ಅಂದರು. ಆ ಮಳೆಯಲ್ಲಿ ಕಂಬ ಹತ್ತು ಅಂತ ಯಾರಿಗಾದರೂ ಹೇಳೋದಕ್ಕೆ ನನಗೂ ಮನಸ್ಸಿರಲಿಲ್ಲ. ಆದರೆ ಅಮ್ಮನನ್ನು ನೋಡಿದರೆ ಸಂಕಟ. ಮಂಡಿ ನೋವು, ಮಳೆಗಾಲದಲ್ಲಿ ಅಂಗಳಕ್ಕೂ ಇಳಿಯುವ ಹಾಗಿಲ್ಲ. ರಾತ್ರಿ ಚಂದನದಲ್ಲಿ ‘ಥಟ್ ಅಂತ ಹೇಳಿ’ ಬಂದರೆ ಅಲ್ಲಿ ಕೂತವರಿಗಿಂತ ಮೊದಲೇ ಉತ್ತರ ಹೇಳೋದು ಅವರ ದಿನದ ಖುಷಿ.

2019ರ ಫೆಬ್ರವರಿಯಲ್ಲಿ, ಫೋನ್-ಟಿವಿ ಸೇವೆಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಟ್ರಾಯ್‌ನ ಹೊಸ ನಿಯಮ ಬಂತು. ಕೇಬಲ್ ಆಗಲಿ, ಡಿಶ್ ಆಗಲಿ, ಆಗ ಮೊದಲ ನೂರು ಚಾನೆಲ್‌ಗೆ ಹೆಚ್ಚೆಂದರೆ 130 ರೂಪಾಯಿ. ಜಿಎಸ್‌ಟಿ ಸೇರಿದರೆ 153 ರೂಪಾಯಿ 40 ಪೈಸೆ. ದುಡ್ಡು ಕೊಟ್ಟು ನೋಡುವ ಚಾನೆಲ್ ಬೇಕಿದ್ದರೆ ಅದರ ದರ ಬೇರೆ. ಲೆಕ್ಕ ಹಾಕಿದೆ, ನಮಗೆ ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಆ ವಯರಿನ ಹಂಗು ಯಾಕೆ? ಮೇ ತಿಂಗಳಲ್ಲಿ ಡಿಶ್ ಹಾಕಿಸಿದೆ.

ಹಾಕಲು ಬಂದ ಹುಡುಗ ಮೊದಲು ಆಕಾಶ ನೋಡಿದ, ಆಮೇಲೆ ಮೊಬೈಲಿನ ದಿಕ್ಸೂಚಿ. ನಮ್ಮ ಡಿಶ್ ನೋಡಬೇಕಾದ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ನಮ್ಮೂರಿಂದ ನೋಡಿದರೆ ಸ್ವಲ್ಪ ಪೂರ್ವಕ್ಕೆ ತಿರುಗಿದ ದಕ್ಷಿಣ, ಹತ್ತಿರ ಹತ್ತಿರ ನೆತ್ತಿಯ ಮೇಲೆ. ಅದಕ್ಕೇ ತೋಟದ ಅಡಿಕೆ ಮರಗಳು ಅಡ್ಡ ಬರಲಿಲ್ಲ. ಮನೆ ಮೇಲೆ ಬಾಗಿದ ಹಲಸಿನ ಮರ ಅಡ್ಡ ಬಂತು. ‘ಒಂದು ಕೊಂಬೆ ಕಡಿದ್ರೆ ಸಾಕು’ ಅಂದ. ಅಪ್ಪಯ್ಯ ಒಪ್ಪಲಿಲ್ಲ. ‘ಕಾಯಿ ಬಿಟ್ಟ ಕೊಂಬೆ ಮಾರಾಯ, ಅದನ್ನ ಕಡಿಯೋದಾ?’ ಕೊನೆಗೆ ಬಚ್ಚಲು ಮನೆಯ ತಾರಸಿಯೇ ಜಾಗವಾಯಿತು.

ಅವನು ಮೇಲೆ, ನಾನು ಟಿವಿ ಮುಂದೆ. ನಟ್ಟು ಸಡಿಲ ಮಾಡಿ ತಟ್ಟೆಯ ಅಂಚನ್ನು ಬೆರಳಿಂದ ಮೆಲ್ಲಗೆ ತಟ್ಟುತ್ತಿದ್ದ. ಪರದೆಯಲ್ಲಿ ಕಾಣುವ ಸಿಗ್ನಲ್‌ನ ಅಂಕಿಯನ್ನು ನಾನು ಕೂಗುತ್ತಿದ್ದೆ: ‘ಸೊನ್ನೆ... ಸೊನ್ನೆ... ನಲವತ್ತು... ಹೋಯ್ತು!’ ಕೂದಲೆಳೆಯಷ್ಟು ಸರಿದರೂ ಹೋಗುತ್ತಿತ್ತು. ಎಪ್ಪತ್ತೆಂಟಕ್ಕೆ ನಿಂತಾಗ ಅಮ್ಮ ಅಡುಗೆಮನೆಯಿಂದಲೇ ‘ಇನ್ನು ಮುಟ್ಬೇಡ ಅಂತ ಹೇಳೋ!’ ಅಂದರು.

ಜೂನ್‌ನ ಮೊದಲ ಜೋರು ಮಳೆಗೆ ‘ಸಿಗ್ನಲ್ ಇಲ್ಲ’ ಅಂತ ಬಂತು. ನನ್ನ ಎದೆ ಧಸಕ್ಕೆಂದಿತು. ಕಾರಣ ಆಮೇಲೆ ತಿಳಿದುಕೊಂಡೆ. ಮನೆ ಡಿಶ್‌ಗೆ ಬರೋದು ಕೆಯು ಬ್ಯಾಂಡ್ ಅನ್ನೋ ರೇಡಿಯೋ ಅಲೆಗಳು, ಒಂದೊಂದು ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಗಳು ಅದನ್ನು ಹೀರಿಬಿಡುತ್ತವೆ, ಚದುರಿಸುತ್ತವೆ. ಕೇಬಲ್‌ನವರ ದೊಡ್ಡ ತಟ್ಟೆಗಳು ಹಿಡಿಯುವುದು ಹೆಚ್ಚಾಗಿ ಸಿ ಬ್ಯಾಂಡ್. ಅಲೆ ಉದ್ದ, ಮಳೆಗೆ ಅಷ್ಟು ಬಗ್ಗೋದಿಲ್ಲ. ಅವರಿಗೆ ಆಕಾಶದಲ್ಲಿ ತೊಂದರೆ ಕಡಿಮೆ, ನಮ್ಮೂರಲ್ಲಿ ಕೆಡುತ್ತಿದ್ದುದು ನೆಲದ ಮೇಲಿನ ವಯರು. ಆದರೆ ಡಿಶ್‌ನ ಸಿಗ್ನಲ್ ಹತ್ತೇ ನಿಮಿಷದಲ್ಲಿ ತಾನಾಗಿ ವಾಪಸ್ ಬಂತು. ಯಾರಿಗೂ ಫೋನ್ ಮಾಡಬೇಕಾಗಲಿಲ್ಲ, ಯಾರೂ ಮಳೆಯಲ್ಲಿ ಕಂಬ ಹತ್ತಬೇಕಾಗಲಿಲ್ಲ.

ಮಲೆನಾಡಿನವರಿಗೆ ಒಂದು ಮಾತು. ಗುಡುಗು ಕೇಳೋ ಮುಂಚೆಯೇ ಪ್ಲಗ್ ಜೊತೆ ಬಾಕ್ಸಿನ ಹಿಂದಿನ ಡಿಶ್ ವಯರನ್ನೂ ಬಿಚ್ಚಿಡಿ. ಪಕ್ಕದ ಮನೆಯವರು ಪ್ಲಗ್ ಮಾತ್ರ ತೆಗೆದು ಬಾಕ್ಸ್ ಸುಟ್ಟುಕೊಂಡರು.

ಈಗ ಮಳೆ ಜಾಸ್ತಿಯಾಗಿ ಚಿತ್ರ ಹೋದರೆ ಅಮ್ಮ ಬೇಜಾರು ಮಾಡಿಕೊಳ್ಳೋದಿಲ್ಲ. ಒಲೆ ಹತ್ತಿರ ಹೋಗಿ ಹಲಸಿನ ಹಪ್ಪಳ ಸುಡುತ್ತಾರೆ, ಆ ಕೊಂಬೆಯ ಕಾಯಿಯದೇ. ಅಲ್ಲಿಂದಲೇ ಕೇಳುತ್ತಾರೆ: ‘ಬಂತಾ?’

‘ಇನ್ನೂ ಇಲ್ಲ ಅಮ್ಮ.’

‘ಹಾಗಾದ್ರೆ ಇನ್ನೆರಡು ಸುಡ್ತೀನಿ ತಡಿ.’