ಕತ್ತಲಲ್ಲಿ ಸಿಕ್ಕಿಬಿದ್ದ ಮಿಸ್ಸಿಂಗ್

ನಿನ್ನೆ ಸಂಜೆ ಕಾರನ್ನು ದೇವರಾಯನದುರ್ಗದ ಏರಿನಲ್ಲಿ ಒಂದೇ ಉಸಿರಿಗೆ ಹತ್ತಿಸಿದೆ. ಒಂದು ಜರ್ಕ್ ಕೂಡ ಇಲ್ಲ. ಮೇಲೆ ಹೋಗಿ ಬಾನೆಟ್ ಮೇಲೆ ಕೈಯಿಟ್ಟು ಸುಮ್ನೆ ನಿಂತುಬಿಟ್ಟೆ. ಅಷ್ಟು ಖುಷಿಯಾಗಿತ್ತು.

ಗಾಡಿ ನಮ್ಮ ಹಳೇ ಕಾರ್ಬುರೇಟರ್ ಮಾರುತಿ 800. 796 ಸಿಸಿ, ಇರುವುದೇ ಮೂರು ಸಿಲಿಂಡರ್. ಒಂದು ಕೈಕೊಟ್ಟರೂ ಗಾಡಿ ಏರು ಹತ್ತಲ್ಲ. ತುಮಕೂರಿನೊಳಗೆ ಓಡಾಡುವಾಗ ಏನೂ ಗೊತ್ತಾಗುತ್ತಿರಲಿಲ್ಲ. ನಾಮದ ಚಿಲುಮೆ ದಾಟಿ ಏರು ಸಿಕ್ಕಿದ ಕೂಡಲೇ ಮಿಸ್ಸಿಂಗ್ ಶುರು, ಅಂದರೆ ಒಂದು ಸಿಲಿಂಡರ್ ಆಗಾಗ ಉರಿಯದೆ ಎಂಜಿನ್ ಜರ್ಕ್ ಹೊಡೆಯುವುದು. ಪ್ಲಗ್, ಪ್ಲಗ್ ವೈರ್, ಫಿಲ್ಟರ್ ಎಲ್ಲ ಹೊಸದು. ಕಂಪ್ರೆಷನ್ ಚೆನ್ನಾಗಿದೆ. ಐಡಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಂತಲ್ಲೇ ಓಡುವಾಗ, ಒಂದೊಂದೇ ವೈರ್ ತೆಗೆದು ನೋಡಿದರೆ ಮೂರೂ ಸಿಲಿಂಡರ್ ದುಡಿಯುತ್ತಿವೆ. ಹಾಗಾಗಿ ಎರಡು ವಾರ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ ತೊಳೆಯುವುದರಲ್ಲೇ ಕಳೆದೆ.

ದಾರಿ ತೋರಿಸಿದ್ದು ಮಳೆ. ಒಂದು ಒದ್ದೆ ಬೆಳಿಗ್ಗೆ ನಿಂತಲ್ಲೇ ಮಿಸ್ಸಿಂಗ್ ಹೊಡೆಯಿತು. ತೇವಕ್ಕೆ ಜಾಸ್ತಿಯಾಗುತ್ತದೆ ಅಂದರೆ ಕರೆಂಟ್ ಎಲ್ಲೋ ಸೋರುತ್ತಿದೆ, ಅಲ್ವಾ? ರಾತ್ರಿ ಶೆಡ್ಡಿನ ಲೈಟ್ ಆರಿಸಿದೆ. “ಭಾವ, ಸ್ವಲ್ಪ ರೇಸ್ ಕೊಡಿ” ಎಂದು ಹೇಳಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ, ಮೂರೂ ಪ್ಲಗ್ಗಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಮೇಲೆ ತುಸು ನೀರು ಚಿಮುಕಿಸಿದೆ. ಎರಡನೇ ಸಿಲಿಂಡರಿನ ವೈರ್ ಬುಡದಿಂದ ನೀಲಿ ಕಿಡಿ ಸರಸರ ಹರಿದು ಡಿಸ್ಟ್ರಿಬ್ಯೂಟರ್ ಬಾಡಿಗೆ ಇಳಿಯಿತು. ಭಾವನೂ ಓಡಿಬಂದು ನೋಡಿದರು.

ಕ್ಯಾಪ್ ಬಿಚ್ಚಿದರೆ ಕೂದಲೆಳೆಯಷ್ಟು ಬಿರುಕು. ಅದರುದ್ದಕ್ಕೂ ಪೆನ್ಸಿಲ್ ಗೀಚಿದಂತೆ ಕಾರ್ಬನ್ ಗೆರೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನಲ್ಲಿ ಒತ್ತಡ ಹೆಚ್ಚುತ್ತದೆ. ಆಗ ಪ್ಲಗ್ಗಿನ ಗ್ಯಾಪ್ ಹಾರಲು ಕಿಡಿಗೆ ಜಾಸ್ತಿ ವೋಲ್ಟೇಜ್ ಬೇಕು. ಪಕ್ಕದಲ್ಲೇ ಸುಲಭದ ದಾರಿ ಇದ್ದರೆ ಕಿಡಿ ಅದನ್ನೇ ಹಿಡಿಯುತ್ತದೆ. ಐಡಲಿಂಗ್‌ನಲ್ಲಿ ಒತ್ತಡ ಕಡಿಮೆ, ಆದ್ದರಿಂದ ನನ್ನ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿ ಕಂಡಿತ್ತು.

ಕ್ಯಾಪ್ ತರಿಸುವುದು ಇನ್ನೊಂದು ಗೋಳು. ಫೋಟೋ, ಅಳತೆ ಎರಡೂ ಕಳಿಸಿದ್ದರೂ ಬೆಂಗಳೂರಿನ ಒಬ್ಬ ವ್ಯಾಪಾರಿ ನಾಲ್ಕು ಸಿಲಿಂಡರಿನ ಕ್ಯಾಪ್ ಕಳಿಸಿದರು. ವಾಪಸ್ ತಗೊಳ್ಳಲ್ಲ ಅಂದರು. ನಿಜಕ್ಕೂ ಬೇಜಾರಾಯಿತು. ಕೊನೆಗೆ ಹಳೇ ಕ್ಯಾಪ್ ಕೈಯಲ್ಲಿ ಹಿಡಿದು ಬಿ.ಹೆಚ್. ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಿದೆ. ಕ್ಯಾಪೂ ಅದರೊಳಗೆ ತಿರುಗುವ ರೋಟರೂ ಒಟ್ಟಿಗೇ ಸಿಕ್ಕವು.

ಸ್ಪೇರ್ ಅಂದಾಗ ನೆನಪಾಯಿತು. ಗುಬ್ಬಿಯ ಮನೆಯಲ್ಲಿ ಅಪ್ಪನ ಯೆಜ್ಡಿ ಬೈಕ್ ಕಾಯುತ್ತಿದೆ. ಅದನ್ನು ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು, ಹಾಗಾಗಿ ಕಿಡಿಗೆ ಬೇಕಾದ ಪಾಯಿಂಟ್ ಸೆಟ್, ಕಂಡೆನ್ಸರ್ ಈಗಲೇ ಕೂಡಿಸಿಡುತ್ತಿದ್ದೇನೆ. ಅದಕ್ಕೂ ಮೊದಲು, ಈ ಭಾನುವಾರ ಮಾರುತಿಯ ಡಿಸ್ಟ್ರಿಬ್ಯೂಟರ್ ಬುಡದ ಓ-ರಿಂಗ್ ಬದಲಾಯಿಸಬೇಕು. ಅಲ್ಲಿ ಆಯಿಲ್ ಜಿನುಗುತ್ತಿದೆ.